ಗೌಟ್ ನೋವು, ಅದರ ಮಾತ್ರೆ ಮತ್ತು ನಮ್ಮ ಮೂಳೆ

(ಹಾಲು ಉತ್ಪಾದಕ ಸದಸ್ಯರಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ವೈದ್ಯರು ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಿಂದ ತಾವು ಕಾಲುಬಾಯಿ ರೋಗದ ಬಗ್ಗೆ ಕೇಳಿದ್ದೀರಿ, ಕೆಚ್ಚಲು ಬಾವಿನ ಬಗ್ಗೆ ಕೇಳಿದ್ದೀರಿ, ಹಸಿರು ಮೇವಿನ ಬಗ್ಗೆ ಕೇಳಿದ್ದೀರಿ. ಹಸುವಿಗೆ ಕಾಲು ನೋವು ಬಂದರೆ ಅದೇ ದಿನ ಪಶುವೈದ್ಯರಿಗೆ ಹೇಳಿಕಳಿಸುವ ನಾವು, ನಮ್ಮ ಕಾಲು ನೋವನ್ನು ಮಾತ್ರ ವರ್ಷಗಟ್ಟಲೆ ನುಂಗಿಕೊಂಡು ಓಡಾಡುತ್ತೇವೆ. ಆದ್ದರಿಂದ ಇಂದು ಹಸುವಿನ ವಿಷಯ ಬಿಟ್ಟು, ಹಸು ಸಾಕುವವರ ಕಾಲಿನ ವಿಷಯ ಮಾತನಾಡಬೇಕೆಂದಿದ್ದೇನೆ.

ವಿಷಯ ಗೌಟ್. ಯೂರಿಕ್ ಆಮ್ಲ ಹೆಚ್ಚಾಗಿ ಕೀಲುಗಳಿಗೆ ಬರುವ ನೋವು. ಆಯುರ್ವೇದದಲ್ಲಿ ವಾತರಕ್ತ ಎಂದು ಹೇಳುವ ಕಾಯಿಲೆಗೆ ಇದು ಬಹುಮಟ್ಟಿಗೆ ಹೋಲುತ್ತದೆ. ಈ ಕಾಯಿಲೆಗೆ ಒಳ್ಳೆಯ ಔಷಧಿ ಇದೆ, ಬೆಲೆಯೂ ಹೆಚ್ಚಲ್ಲ. ಆದರೂ ಅನೇಕರು ಅದನ್ನು ನಾಲ್ಕು ದಿನ ನುಂಗಿ ಬಿಟ್ಟುಬಿಡುತ್ತಾರೆ. ಕೇಳಿದರೆ, "ಆ ಮಾತ್ರೆ ತಿಂದರೆ ಮೂಳೆ ಟೊಳ್ಳಾಗುತ್ತದಂತೆ, ಬಿದ್ದರೆ ಮುರಿಯುತ್ತದಂತೆ" ಎನ್ನುತ್ತಾರೆ. ಅದರ ಜೊತೆಗೆ ಯಾರೋ ಹೇಳಿದರೆಂದು ಹಾಲು, ಮೊಸರು, ಬೇಳೆ ಎಲ್ಲವನ್ನೂ ಬಿಡುತ್ತಾರೆ. ನೋವು ತಡೆಯದಾದಾಗ ಸಂತೆಯಲ್ಲಿ ಮಾರುವ ಪುಡಿಯನ್ನು ತಂದು ತಿನ್ನುತ್ತಾರೆ. ಮೂಳೆಗೆ ತೊಂದರೆ ಕೊಡದ ಮಾತ್ರೆಯನ್ನು ಬಿಟ್ಟು, ಮೂಳೆಯನ್ನು ನಿಜವಾಗಿ ಸವೆಸುವ ದಾರಿಯನ್ನು ಹಿಡಿಯುತ್ತಾರೆ. ಇದನ್ನು ತಮಗೆ ಮನದಟ್ಟು ಮಾಡಿಕೊಡುವುದೇ ನನ್ನ ಇಂದಿನ ಮಾತಿನ ಉದ್ದೇಶ.

ಗೌಟ್ ಎಂದರೇನು?

ನಾವು ತಿನ್ನುವ ಆಹಾರದಲ್ಲಿಯೂ ನಮ್ಮ ದೇಹದ ಜೀವಕೋಶಗಳಲ್ಲಿಯೂ ಪ್ಯೂರಿನ್ ಎಂಬ ವಸ್ತು ಇರುತ್ತದೆ. ಅದು ಒಡೆದಾಗ ಕೊನೆಗೆ ಉಳಿಯುವುದು ಯೂರಿಕ್ ಆಮ್ಲ. ಇದರ ಹೆಚ್ಚಿನ ಪಾಲನ್ನು ಮೂತ್ರಪಿಂಡಗಳು ಹೊರಗೆ ಹಾಕುತ್ತವೆ. ಹೊರಹೋಗುವುದು ಕಡಿಮೆಯಾದರೆ ಅಥವಾ ತಯಾರಾಗುವುದು ಹೆಚ್ಚಾದರೆ ಅದು ರಕ್ತದಲ್ಲಿ ಉಳಿದುಕೊಳ್ಳುತ್ತದೆ.

ಲೋಟ ನೀರಿಗೆ ಉಪ್ಪು ಹಾಕುತ್ತಾ ಹೋದರೆ ಒಂದು ಮಿತಿಯವರೆಗೆ ಕರಗುತ್ತದೆ, ಆಮೇಲೆ ತಳದಲ್ಲಿ ನಿಲ್ಲುತ್ತದೆ. ಯೂರಿಕ್ ಆಮ್ಲವೂ ಹಾಗೆಯೇ. 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಹರಳುಗಟ್ಟಲು ತೊಡಗಬಹುದು. ಚಳಿಗೆ ತುಪ್ಪ ಹರಳು ಹರಳಾಗುವುದನ್ನು ತಾವು ಬಲ್ಲಿರಿ. ದೇಹದಲ್ಲಿ ತಣ್ಣಗಿರುವ ಭಾಗ ಕಾಲಿನ ತುದಿ. ಅದಕ್ಕೇ ಈ ನೋವು ಬಹಳ ಮಂದಿಗೆ ಮೊದಲು ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಅದೂ ರಾತ್ರಿ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೆರಳು ಕೆಂಪಾಗಿ ಊದಿಕೊಳ್ಳುತ್ತದೆ. ಹೊದ್ದ ಬಟ್ಟೆ ಸೋಕಿದರೂ ತಡೆಯಲಾಗುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯಿತೆಂದು ಮರೆಯುತ್ತೇವೆ. ಆದರೆ ಹರಳು ಒಳಗೇ ಇರುತ್ತದೆ. ಕೆಲವು ವರ್ಷ ಹೀಗೇ ಬಿಟ್ಟರೆ ಬೆರಳು, ಮೊಣಕೈ, ಕಿವಿಯ ಅಂಚುಗಳಲ್ಲಿ ಗಂಟುಗಳಾಗುತ್ತವೆ. ಕೀಲಿನ ಪಕ್ಕದ ಮೂಳೆಯನ್ನು ಗೆದ್ದಲು ತಿಂದಂತೆ ಕೊರೆಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಯ ಮಾತು. ಕೀಲು ನೋವೆಲ್ಲ ಗೌಟ್ ಅಲ್ಲ. ಮಂಡಿ ಸವೆತ ಬೇರೆ, ಆಮವಾತ ಬೇರೆ. ಕೀಲು ಊದಿಕೊಂಡು ಜೊತೆಗೆ ಜ್ವರವೂ ಇದ್ದರೆ ಕೀವು ತುಂಬಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡನೆಯದಾಗಿ, ರಕ್ತದಲ್ಲಿ ಯೂರಿಕ್ ಆಮ್ಲ ಸ್ವಲ್ಪ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಹಾಗೆಯೇ ನೋವು ಬಂದ ದಿನ ಪರೀಕ್ಷೆಯಲ್ಲಿ ಸರಿಯಾಗಿದ್ದರೆ ಗೌಟ್ ಇಲ್ಲವೆಂದೂ ಅಲ್ಲ. ನೋವಿನ ಸಮಯದಲ್ಲಿ ಮಟ್ಟ ಇಳಿದಿರುವುದುಂಟು. ಎರಡು ವಾರ ಕಳೆದು ಮತ್ತೆ ನೋಡಬೇಕು.

ಹಾಲಿನಿಂದ ಗುರುತಾದ ಕಿಣ್ವ

ಗೌಟ್ ಔಷಧಿಯ ಕಥೆಗೂ ಹಾಲಿಗೂ ನಂಟಿದೆ. ಡೇರಿಯಲ್ಲಿ ಹಾಲಿನ ಗುಣಮಟ್ಟ ತಿಳಿಯಲು ಎಂ.ಬಿ.ಆರ್.ಟಿ. ಪರೀಕ್ಷೆ ಮಾಡುವುದು ತಮಗೆ ಗೊತ್ತು. ಹಾಲಿಗೆ ಮಿಥಿಲಿನ್ ನೀಲಿ ಬಣ್ಣ ಹಾಕುತ್ತಾರೆ. ಬಣ್ಣ ಬೇಗ ಮಾಯವಾದರೆ ಸೂಕ್ಷ್ಮಾಣುಗಳು ಹೆಚ್ಚಿವೆ ಎಂದು ಅರ್ಥ. 1902ರಲ್ಲಿ ಆಸ್ಟ್ರಿಯಾದ ಷಾರ್ಡಿಂಗರ್ ಎಂಬ ವಿಜ್ಞಾನಿ ಇದೇ ನೀಲಿ ಬಣ್ಣದ ಜೊತೆ ಫಾರ್ಮಾಲ್ಡಿಹೈಡ್ ಸೇರಿಸಿ ನೋಡಿದರು. ಹಸಿ ಹಾಲಿನಲ್ಲಿ ಬಣ್ಣ ಮಾಯವಾಯಿತು, ಕಾಯಿಸಿದ ಹಾಲಿನಲ್ಲಿ ಹಾಗೇ ಉಳಿಯಿತು. ಹಸಿ ಹಾಲಿನಲ್ಲಿ ಯಾವುದೋ ಕಿಣ್ವ ಇರಬೇಕೆಂದು ಇದರಿಂದ ತಿಳಿಯಿತು. ಮುಂದೆ ಅದಕ್ಕೆ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಹೆಸರು ಬಂತು. ನಮ್ಮ ಪಿತ್ತಜನಕಾಂಗದಲ್ಲಿಯೂ ಇರುವ ಈ ಕಿಣ್ವವೇ ಯೂರಿಕ್ ಆಮ್ಲವನ್ನು ತಯಾರಿಸುವುದು.

ಈ ಕಿಣ್ವದ ಕೆಲಸವನ್ನು ತಡೆಯುವ ಔಷಧಿ ಅಲೋಪ್ಯುರಿನಾಲ್. ಅಮೆರಿಕದಲ್ಲಿ ಗರ್ಟ್ರೂಡ್ ಎಲಿಯಾನ್ ಎಂಬ ಮಹಿಳಾ ವಿಜ್ಞಾನಿ ಮತ್ತು ಜಾರ್ಜ್ ಹಿಚಿಂಗ್ಸ್ ಇದನ್ನು ರೂಪಿಸಿದರು. 1966ರಲ್ಲಿ ಅಲ್ಲಿ ಬಳಕೆಗೆ ಒಪ್ಪಿಗೆ ದೊರೆಯಿತು. 1988ರಲ್ಲಿ ಅವರಿಬ್ಬರಿಗೂ ಜೇಮ್ಸ್ ಬ್ಲ್ಯಾಕ್ ಅವರೊಂದಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಈ ಮಾತ್ರೆ ಇದೆ.

ಹಾಗಾದರೆ ಹಾಲಿನಲ್ಲಿಯೇ ಆ ಕಿಣ್ವ ಇರುವುದರಿಂದ ಹಾಲು ಕುಡಿದರೆ ಯೂರಿಕ್ ಆಮ್ಲ ಹೆಚ್ಚುವುದಿಲ್ಲವೇ ಎಂದು ತಾವು ಕೇಳಬಹುದು. ಇಲ್ಲ. ಹಾಲನ್ನು ನಾವು ಕುದಿಸಿಯೇ ಕುಡಿಯುತ್ತೇವೆ, ಕಿಣ್ವ ಅಲ್ಲಿಯೇ ಕೆಡುತ್ತದೆ. ಹಾಲಿನಲ್ಲಿ ಪ್ಯೂರಿನ್ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟೇ ಅಲ್ಲ, ಹಾಲಿನ ಸಸಾರಜನಕಗಳು ಯೂರಿಕ್ ಆಮ್ಲ ಮೂತ್ರದಲ್ಲಿ ಹೊರಹೋಗಲು ನೆರವಾಗುತ್ತವೆ.

ಮಾತ್ರೆಯಿಂದ ಮೂಳೆ ಮುರಿಯುತ್ತದೆಯೇ?

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಯೂರಿಕ್ ಆಮ್ಲಕ್ಕೆ ರಕ್ತದಲ್ಲಿ ಒಂದು ಒಳ್ಳೆಯ ಕೆಲಸವೂ ಇದೆ. ಜೀವಕೋಶಗಳನ್ನು ಹಾಳುಮಾಡುವ ಕೆಲವು ವಸ್ತುಗಳನ್ನು ಅದು ತಡೆಯುತ್ತದೆ. ಯೂರಿಕ್ ಆಮ್ಲ ಹೆಚ್ಚಿದ್ದವರಲ್ಲಿ ಮೂಳೆಯ ಸಾಂದ್ರತೆ ಸ್ವಲ್ಪ ಹೆಚ್ಚಿದ್ದುದು ಕೆಲವು ಅಧ್ಯಯನಗಳಲ್ಲಿ ಕಂಡುಬಂತು. ಹಾಗಾದರೆ ಮಾತ್ರೆ ಕೊಟ್ಟು ಅದನ್ನು ಇಳಿಸಿದರೆ ಮೂಳೆಗೆ ಕೇಡಾಗುವುದೇ ಎಂಬ ಪ್ರಶ್ನೆ ಎದ್ದಿತು. ಇನ್ನೊಂದು ಕಡೆ, ಗೌಟ್‌ನ ಉರಿಯೂತವೇ ಮೂಳೆಯನ್ನು ಸವೆಸುತ್ತದೆ, ಆದ್ದರಿಂದ ಮಾತ್ರೆ ಕೊಟ್ಟರೆ ಮೂಳೆಗೆ ಒಳ್ಳೆಯದಲ್ಲವೇ ಎಂಬ ವಾದವೂ ಇತ್ತು. ಕೆಲವು ಅಧ್ಯಯನಗಳು ಆ ಕಡೆ ವಾಲಿದವು, ಕೆಲವು ಈ ಕಡೆ ವಾಲಿದವು.

2018ರಲ್ಲಿ ಕೆನಡಾ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇಂಗ್ಲೆಂಡಿನ ತಜ್ಞರು ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿದರು. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ ಗೌಟ್ ಇದ್ದ 31 ಸಾವಿರಕ್ಕೂ ಹೆಚ್ಚು ಜನರನ್ನೂ, ಗೌಟ್ ಇಲ್ಲದ 1 ಲಕ್ಷ 22 ಸಾವಿರಕ್ಕೂ ಹೆಚ್ಚು ಜನರನ್ನೂ ಹೋಲಿಸಿದರು. ಎರಡೂ ಗುಂಪಿನಲ್ಲಿ ಮೂಳೆ ಮುರಿದವರ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇತ್ತು. ಯೂರಿಕ್ ಆಮ್ಲ ಇಳಿಸುವ ಮಾತ್ರೆ ತೆಗೆದುಕೊಂಡವರಲ್ಲಿ ಮೂಳೆ ಮುರಿತ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2017ರಲ್ಲಿ, ಅಮೆರಿಕದ 1 ಲಕ್ಷಕ್ಕೂ ಹೆಚ್ಚು ದಾದಿಯರ ಅಧ್ಯಯನವೊಂದು ಪ್ರಕಟವಾಗಿತ್ತು. ಗೌಟ್ ಇದ್ದ ಹೆಂಗಸರಲ್ಲಿ ಸೊಂಟದ ಮೂಳೆ ಮುರಿಯುವ ಸಂಭವ ಸ್ವಲ್ಪ ಹೆಚ್ಚಿತ್ತು, ಮಣಿಕಟ್ಟಿನ ಮುರಿತ ಹೆಚ್ಚಿರಲಿಲ್ಲ. ಇದು ಕಾಯಿಲೆಯ ವಿಷಯ, ಮಾತ್ರೆಯ ವಿಷಯವಲ್ಲ. ಇವೆರಡರಿಂದ ನಾವು ತಿಳಿಯಬೇಕಾದದ್ದಿಷ್ಟು: ಮೂಳೆ ಮುರಿಯುತ್ತದೆ ಎಂಬ ಭಯದಿಂದ ಗೌಟ್ ಮಾತ್ರೆ ಬಿಡಲು ಕಾರಣವಿಲ್ಲ. ಮೂಳೆ ಗಟ್ಟಿಯಾಗಲಿ ಎಂದು ಅದನ್ನು ನುಂಗುವುದೂ ಬೇಡ. ಆ ಮಾತ್ರೆ ಇರುವುದು ಗೌಟ್‌ಗೆ. ಮೂಳೆಯನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಮಾತ್ರೆ ತೆಗೆದುಕೊಳ್ಳುವ ಕ್ರಮ

ಹಾಲಿಗೆ ಫ್ಯಾಟ್ ಮತ್ತು ಎಸ್.ಎನ್.ಎಫ್. ನೋಡದೆ ಸಂಘದಲ್ಲಿ ದರ ಕಟ್ಟುತ್ತಾರೆಯೇ? ಹಾಗೆಯೇ ಯೂರಿಕ್ ಆಮ್ಲದ ಮಟ್ಟ ನೋಡದೆ ಮಾತ್ರೆಯ ಪ್ರಮಾಣ ನಿರ್ಧರಿಸಲಾಗುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ ಪ್ರಾರಂಭಿಸಿ, ಆಗಾಗ್ಗೆ ರಕ್ತ ಪರೀಕ್ಷೆ ಮಾಡಿಸಿ, ನಿಧಾನವಾಗಿ ಹೆಚ್ಚಿಸುತ್ತಾರೆ. ಮಟ್ಟ 6 ಮಿಲಿಗ್ರಾಂಗಿಂತ ಕೆಳಗೆ ಇಳಿದು ಅಲ್ಲಿಯೇ ನಿಲ್ಲಬೇಕು. ಆಗ ಹಳೆಯ ಹರಳುಗಳು ತಾವಾಗಿಯೇ ಕರಗುತ್ತವೆ.

ಮೊದಲ ಕೆಲವು ತಿಂಗಳು ನೋವು ಮತ್ತೆ ಮತ್ತೆ ಬರಬಹುದು. ಹಳೆಯ ಹರಳು ಕರಗಿ ಕದಲುವುದರಿಂದ ಹೀಗಾಗುತ್ತದೆ. "ಮಾತ್ರೆ ತಿಂದ ಮೇಲೆ ನೋವು ಹೆಚ್ಚಾಯಿತು" ಎಂದು ಬಹಳ ಮಂದಿ ಬಿಟ್ಟುಬಿಡುವುದು ಇಲ್ಲಿಯೇ. ಇದಕ್ಕಾಗಿ ವೈದ್ಯರು ಮೊದಲ 3ರಿಂದ 6 ತಿಂಗಳು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಮಾತ್ರೆಯನ್ನು ಜೊತೆಗೆ ಕೊಡುವುದುಂಟು. ಅಲೋಪ್ಯುರಿನಾಲ್ ಪ್ರಾರಂಭಿಸಿದ ಮೇಲೆ ಮೈಮೇಲೆ ಗುಳ್ಳೆ, ಕೆಂಪು ದದ್ದು, ಬಾಯಿ ಹುಣ್ಣು, ಜ್ವರ ಬಂದರೆ ಮಾತ್ರ ತಡಮಾಡದೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇದು ಅಪರೂಪ, ಆದರೆ ಅಪಾಯಕಾರಿ.

ಕಾಲ್ಚಿಸಿನ್ ಎಂದಾಗ ಇನ್ನೊಂದು ಮಾತು. ಮಳೆಗಾಲದಲ್ಲಿ ಬೇಲಿಗಳ ಮೇಲೆ ಕೆಂಪು ಹಳದಿ ಬಣ್ಣದಲ್ಲಿ ಬೆಂಕಿಯಂತೆ ಅರಳುವ ಗೌರಿ ಹೂವನ್ನು, ಅಂದರೆ ಅಗ್ನಿಶಿಖೆಯನ್ನು ತಾವು ಕಂಡಿದ್ದೀರಿ. ಅದರ ಗೆಡ್ಡೆಯಲ್ಲಿ, ಬೀಜದಲ್ಲಿ ಇದೇ ಕಾಲ್ಚಿಸಿನ್ ಇದೆ. ಔಷಧಿ ಇರುವ ಗಿಡವಲ್ಲವೇ ಎಂದು ಗೆಡ್ಡೆಯನ್ನು ಅರೆದು ಕುಡಿದರೆ ಪ್ರಾಣಕ್ಕೇ ಸಂಚಕಾರ. ಮಾತ್ರೆಯಲ್ಲಿ ಅದು ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ, ಗೆಡ್ಡೆಯಲ್ಲಿ ಎಷ್ಟಿದೆಯೆಂದು ಅಳೆಯುವವರಾರು? ಜಾನುವಾರುಗಳಿಗೂ ಅದು ವಿಷವೇ.

ಮೂಳೆಯನ್ನು ನಿಜವಾಗಿ ಸವೆಸುವುದು ಯಾವುದು?

ಮೊದಲನೆಯದು, ಲೆಕ್ಕವಿಲ್ಲದೆ ನುಂಗುವ ಸ್ಟಿರಾಯ್ಡ್. ಗೌಟ್ ನೋವು ಜೋರಾಗಿದ್ದಾಗ ವೈದ್ಯರು ಪ್ರೆಡ್ನಿಸೊಲೋನ್ ಮಾತ್ರೆಯನ್ನು ಕೆಲವು ದಿನಗಳ ಮಟ್ಟಿಗೆ ಕೊಡಬಹುದು, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಅದನ್ನೇ 3 ತಿಂಗಳು ಮತ್ತು ಅದಕ್ಕೂ ಹೆಚ್ಚು ಕಾಲ ದಿನವೂ ತೆಗೆದುಕೊಂಡರೆ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಏರುತ್ತದೆ. ಸಂತೆ ಜಾತ್ರೆಗಳಲ್ಲಿ ಹೆಸರು ವಿಳಾಸವಿಲ್ಲದ ಪೊಟ್ಟಣದಲ್ಲಿ ಮಾರುವ ನೋವಿನ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸ್ಟಿರಾಯ್ಡ್ ಬೆರೆತಿರುವುದು ಅನೇಕ ಬಾರಿ ಕಂಡುಬಂದಿದೆ. ತಿಂದ ದಿನವೇ ನೋವು ಮಾಯ, ಹಸಿವು ಹೆಚ್ಚು, ಮುಖ ದುಂಡಗೆ ಊದಿಕೊಳ್ಳುತ್ತದೆ. ಇಂತಹ ಪುಡಿಯನ್ನು ಬಹಳ ಕಾಲ ತಿಂದವರು ಒಮ್ಮೆಲೇ ನಿಲ್ಲಿಸಲೂ ಬಾರದು. ಪೊಟ್ಟಣವನ್ನು ತೆಗೆದುಕೊಂಡು ವೈದ್ಯರಲ್ಲಿಗೆ ಹೋಗಿ, ಅವರು ಹೇಳಿದಂತೆ ನಿಧಾನವಾಗಿ ಬಿಡಬೇಕು.

ಎರಡನೆಯದು, ನೋವಿನ ಮಾತ್ರೆಗಳ ದುರ್ಬಳಕೆ. ಇವು ಮೂಳೆಗಿಂತ ಹೆಚ್ಚಾಗಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಮೂತ್ರಪಿಂಡ ಕೆಟ್ಟರೆ ಯೂರಿಕ್ ಆಮ್ಲ ಮತ್ತಷ್ಟು ಉಳಿಯುತ್ತದೆ, ಮೂಳೆಯೂ ದುರ್ಬಲವಾಗುತ್ತದೆ. ರಣಹದ್ದುಗಳ ಕಥೆ ತಮಗೆ ನೆನಪಿರಬಹುದು. ಡೈಕ್ಲೋಫಿನಾಕ್ ಚುಚ್ಚುಮದ್ದು ಪಡೆದು ಸತ್ತ ದನಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು, ಒಳ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲದ ಹರಳು ಬಿಳಿಯಾಗಿ ಮೆತ್ತಿಕೊಂಡು ಸತ್ತವು. ಇದು 2004ರಲ್ಲಿ ಖಚಿತವಾಯಿತು. 2006ರಲ್ಲಿ ನಮ್ಮ ದೇಶ ಜಾನುವಾರುಗಳಿಗೆ ಆ ಔಷಧಿಯನ್ನು ನಿಷೇಧಿಸಿತು. ಹಕ್ಕಿಯ ದೇಹ ಬೇರೆ, ಮನುಷ್ಯನ ದೇಹ ಬೇರೆ. ಆದರೂ ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಕಡಲೆಕಾಯಿಯಂತೆ ಕೊಂಡು ತಿನ್ನಬಾರದು ಎಂಬ ಪಾಠ ನಮಗೂ ಸಲ್ಲುತ್ತದೆ.

ಮೂರನೆಯದು, ಸುಣ್ಣದ ಅಂಶದ ಕೊರತೆ. ಕರು ಹಾಕಿದ ಮೇಲೆ ಹಸುವಿಗೆ ಹಾಲು ಜ್ವರ ಬಂದು ನೆಲ ಹಿಡಿಯುವುದನ್ನು ತಾವೆಲ್ಲ ನೋಡಿದ್ದೀರಿ. ರಕ್ತದ ಕ್ಯಾಲ್ಸಿಯಂ ಹಾಲಿಗೆ ಹರಿದು, ಮೂಳೆಯಿಂದ ಅಷ್ಟು ಬೇಗ ಒದಗದೆ ಹೀಗಾಗುತ್ತದೆ. ಮನುಷ್ಯರಲ್ಲಿ ಇದು ಮೆಲ್ಲಗೆ ನಡೆಯುತ್ತದೆ. ಆಹಾರದಲ್ಲಿ ಸಾಲದಾದ ಕ್ಯಾಲ್ಸಿಯಂ ಅನ್ನು ದೇಹ ವರ್ಷಗಟ್ಟಲೆ ಮೂಳೆಯಿಂದಲೇ ಸಾಲ ಪಡೆಯುತ್ತದೆ. ಮುಟ್ಟು ನಿಂತ ತಾಯಂದಿರಲ್ಲಿ ಮೂಳೆ ಇನ್ನೂ ಬೇಗ ಸವೆಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಎರಡು ದೊಡ್ಡ ಲೋಟ ಹಾಲು ಅಥವಾ ಮೊಸರು, ಒಂದು ರಾಗಿ ಮುದ್ದೆ, ಸೊಪ್ಪಿನ ಸಾರು, ಸ್ವಲ್ಪ ಎಳ್ಳು, ಇಷ್ಟಿದ್ದರೆ ದಿನದ ಲೆಕ್ಕ ಬಹುಪಾಲು ತುಂಬುತ್ತದೆ. ಇದೆಲ್ಲ ನಮ್ಮ ಮನೆಯಲ್ಲಿಯೇ ಇದೆ. ಆದರೆ ಕರೆದ ಹಾಲನ್ನೆಲ್ಲ ಕ್ಯಾನಿಗೆ ಸುರಿದು, ಮನೆಯವರು ಕಪ್ಪು ಕಾಫಿ ಕುಡಿಯುವ ಮನೆಗಳೂ ಇವೆ. ಹಸುವಿಗೆ ತಪ್ಪದೆ ಖನಿಜ ಮಿಶ್ರಣ ಕೊಡುವ ತಾಯಿ ತನಗಾಗಿ ಒಂದು ಲೋಟ ಹಾಲು ಎತ್ತಿಡುವುದಿಲ್ಲ. ಒಕ್ಕೂಟದ ವೇದಿಕೆಯಿಂದಲೇ ಹೇಳುತ್ತಿದ್ದೇನೆ, ಮನೆಯವರಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಡೇರಿಗೆ ಹಾಕಿ.

ಹಾಲು ಬಿಡಬೇಕೇ, ಬೇಳೆ ಬಿಡಬೇಕೇ?

2004ರಲ್ಲಿ ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಕಾಲ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಆ ಅವಧಿಯಲ್ಲಿ 730 ಜನರಿಗೆ ಹೊಸದಾಗಿ ಗೌಟ್ ಬಂತು. ಮಾಂಸ, ಸಮುದ್ರದ ಮೀನು ಹೆಚ್ಚು ತಿಂದವರಲ್ಲಿ ಅದು ಹೆಚ್ಚು. ಹಾಲಿನ ಪದಾರ್ಥ, ಅದರಲ್ಲಿಯೂ ಕೊಬ್ಬು ಕಡಿಮೆ ಇರುವವನ್ನು ಹೆಚ್ಚು ಬಳಸಿದವರಲ್ಲಿ ಅದು ಕಡಿಮೆ. ಪ್ಯೂರಿನ್ ಇದ್ದರೂ ಬಟಾಣಿ, ಕಾಳು, ಸೊಪ್ಪುಗಳಿಂದ ಗೌಟ್ ಹೆಚ್ಚಲಿಲ್ಲ. ಆದ್ದರಿಂದ ಗೌಟ್ ಇದ್ದವರು ಹಾಲು, ಮೊಸರು, ಮಜ್ಜಿಗೆಯನ್ನು ಬಿಡಬೇಕಾಗಿಲ್ಲ. ಹುರುಳಿ ಸಾರು, ಅವರೆಕಾಳನ್ನು ಹಿತಮಿತವಾಗಿ ಉಣ್ಣಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ನಿರ್ಧರಿಸಿಕೊಳ್ಳಬೇಕು.

ಬಿಡಬೇಕಾದದ್ದು ಮದ್ಯ, ಅದರಲ್ಲೂ ಬಿಯರ್. ಕಡಿಮೆ ಮಾಡಬೇಕಾದದ್ದು ಲಿವರ್, ಕಿಡ್ನಿ, ಬೋಟಿಯಂತಹ ಮಾಂಸ, ಬೂತಾಯಿಯಂತಹ ಮೀನು, ಬಾಟಲಿಯ ಸಿಹಿ ಪಾನೀಯ. ಆದರೆ ಒಮ್ಮೆ ಹರಳುಗಟ್ಟಿದ ಗೌಟ್ ಪಥ್ಯವೊಂದರಿಂದಲೇ ಗುಣವಾಗುವುದು ಕಡಿಮೆ. ಹಾಲು ಮಾತ್ರೆಯ ಬದಲಿಯಲ್ಲ, ಮಾತ್ರೆಯ ಜೊತೆಗಾರ.

ಕೊಟ್ಟಿಗೆಯಲ್ಲಿ ಜಾರದಿರಿ

ವಯಸ್ಸಾದವರ ಮೂಳೆ ಸಾಮಾನ್ಯವಾಗಿ ಮುರಿಯುವುದು ಬಿದ್ದಾಗ. ಗೌಟ್ ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಬೆಳಗಿನ ಕತ್ತಲೆಯಲ್ಲಿ ಗಂಜಲ, ಸಗಣಿ, ನೀರು ಬಿದ್ದ ಕಲ್ಲು ಚಪ್ಪಡಿಯ ಮೇಲೆ ಕುಂಟುತ್ತಾ ಹಾಲಿನ ಪಾತ್ರೆ ಹಿಡಿದು ನಡೆಯುವವರು ಜಾರುವುದು ಆಶ್ಚರ್ಯವಲ್ಲ. ಅರವತ್ತು ದಾಟಿದವರ ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ. ಮನೆಯ ಹಸು ಮಾರುವ ಸ್ಥಿತಿಗೂ ಬರಬಹುದು.

ಕೊನೆಯದಾಗಿ, ತಾವು ಮನೆಗೆ ಕೊಂಡೊಯ್ಯಬೇಕಾದ ಮಾತುಗಳನ್ನು ಒಟ್ಟಾಗಿ ಹೇಳುತ್ತೇನೆ:

1. ಹೆಬ್ಬೆರಳು ಊದಿ ನೋವು ಬಂದು ಹೋದರೆ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ.

2. ಮಾತ್ರೆ ಪ್ರಾರಂಭಿಸಿದರೆ ವೈದ್ಯರು ಹೇಳುವವರೆಗೆ ಬಿಡಬೇಡಿ. ನೋವು ಇಲ್ಲದಿರುವುದು ಮಾತ್ರೆಯ ಫಲ.

3. ಯೂರಿಕ್ ಆಮ್ಲ 6ಕ್ಕಿಂತ ಕೆಳಗೆ ಇದೆಯೇ ಎಂದು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳಿ. ಜೊತೆಗೆ ಮೂತ್ರಪಿಂಡದ ಪರೀಕ್ಷೆಯೂ ಇರಲಿ.

4. ಬೇರೆ ಕಾಯಿಲೆಗೆ ಮಾತ್ರೆ ಬರೆಸುವಾಗ ಗೌಟ್ ಮಾತ್ರೆಯ ಚೀಟಿಯನ್ನು ತೋರಿಸಿ. ಕೆಲವು ಔಷಧಿಗಳು ಒಂದಕ್ಕೊಂದು ಕೂಡುವುದಿಲ್ಲ.

5. ಹೆಸರಿಲ್ಲದ ಪುಡಿ, ಲೆಕ್ಕವಿಲ್ಲದ ನೋವಿನ ಮಾತ್ರೆ ಬೇಡ.

6. ದಿನಕ್ಕೆ ಎರಡು ಲೋಟ ಹಾಲು ಅಥವಾ ಮೊಸರು, ಒಂದು ರಾಗಿ ಮುದ್ದೆ, ಸ್ವಲ್ಪ ಹೊತ್ತು ಬಿಸಿಲು, ದಿನನಿತ್ಯ ನಡಿಗೆ, ಸಾಕಷ್ಟು ನೀರು.

7. ಕೊಟ್ಟಿಗೆಯಲ್ಲಿ ದೀಪ, ಹಸು ನಿಲ್ಲುವ ಜಾಗದಲ್ಲಿ ರಬ್ಬರ್ ಮ್ಯಾಟ್, ಕಾಲಿಗೆ ಜಾರದ ಚಪ್ಪಲಿ ಇರಲಿ. ಗಂಜಲದ ಕಾಲುವೆಯನ್ನು ದಿನವೂ ತೊಳೆಯಿರಿ.

8. ಸಣ್ಣದಾಗಿ ಬಿದ್ದರೂ ಒಮ್ಮೆ ಮೂಳೆ ಮುರಿದವರು, ಬಹಳ ಕಾಲ ಸ್ಟಿರಾಯ್ಡ್ ತೆಗೆದುಕೊಂಡವರು ಮೂಳೆಯ ಸಾಂದ್ರತೆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಸಂಘದ ಕಾರ್ಯದರ್ಶಿಗಳಲ್ಲಿ ನನ್ನದೊಂದು ಕೋರಿಕೆ. ಬೆಳಿಗ್ಗೆ ಸಂಜೆ ಊರಿನವರೆಲ್ಲ ತಮ್ಮ ಮುಂದೆ ಸಾಲು ನಿಲ್ಲುತ್ತಾರೆ. ಯಾರ ಕಾಲು ಕುಂಟುತ್ತಿದೆ ಎಂಬುದು ವೈದ್ಯರಿಗಿಂತ ಮೊದಲು ತಮಗೆ ಕಾಣುತ್ತದೆ. "ಅಣ್ಣ, ರಕ್ತ ಪರೀಕ್ಷೆ ಮಾಡಿಸಿದೆಯಾ? ಅಮ್ಮ, ಮಾತ್ರೆ ಬಿಟ್ಟಿಲ್ಲ ತಾನೇ?" ಎಂದು ಒಂದು ಮಾತು ಕೇಳಿ. ಆ ಒಂದು ಮಾತಿನಿಂದ ಒಂದು ಸಂಸಾರದ ಕಷ್ಟ ತಪ್ಪಬಹುದು.